ದಾರದ ತುದಿ

ಗಿಲಕ್ ಎಂದಿತು. ಒಣಗಿದ ಕಾಳುಗಳು ಪುಟ್ಟ ಡಬ್ಬಿಯೊಳಗೆ ಹೊರಳಿದಷ್ಟೇ ಸದ್ದು. ಲೆಂಪಿ ಕಣ್ಣು ತೆರೆಯದೆಯೇ ಎಚ್ಚರಗೊಂಡಳು. ಇಲಿ ಇರಬೇಕು ಅಂದುಕೊಂಡಳು. ಅಕ್ಟೋಬರ್ ಬಂತೆಂದರೆ ಇಲಿಗಳು ಸೌದೆಯ ಜೊತೆಗೇ ಮನೆಯೊಳಗೆ ಬಂದುಬಿಡುತ್ತವೆ. ಆದರೆ ಇಲಿಯ ಸದ್ದಿನಲ್ಲಿ ಒಂದು ಅವಸರವಿರುತ್ತದೆ, ಸಿಕ್ಕಿಬೀಳುವ ಭಯವಿರುತ್ತದೆ. ಇದು ಹಾಗಿರಲಿಲ್ಲ. ಗಿಲಕ್, ಆಮೇಲೆ ತುಂಬ ಹೊತ್ತು ಏನೂ ಇಲ್ಲ, ಆಮೇಲೆ ಮೂಗಿನಿಂದ ಬಿಟ್ಟ ಉಸಿರು, ಮತ್ತೆ ಗಿಲಕ್. ಅವಳು ಪಕ್ಕಕ್ಕೆ ಕೈ ಚಾಚಿದಳು. ಹಾಸಿಗೆಯ ಆ ಭಾಗ ತಣ್ಣಗಿತ್ತು. ಬಾಗಿಲ ಕೆಳಗೆ ಅಡುಗೆಮನೆಯ ಬೆಳಕು ಗೆರೆಯಾಗಿ ಬಿದ್ದಿತ್ತು. ಆಗ ಗೊತ್ತಾಯಿತು. ಗಾಳದ ದಾರಕ್ಕೆ ಕಟ್ಟುವ ಹೊನ್ನಬಣ್ಣದ ಹುಸಿಮೀನಿನ ಹೊಟ್ಟೆಯಲ್ಲಿ ಉಕ್ಕಿನ ಸಣ್ಣ ಗುಂಡುಗಳಿವೆ. ನೀರಿನಲ್ಲಿ ಎಳೆದಾಗ ಅವು ಸದ್ದು ಮಾಡಿ ನಿಜವಾದ ಮೀನನ್ನು ಕರೆಯಬೇಕು. ಗಂಡ ಟೌನೊ ಅದನ್ನು ಮೇಜಿನ ಮೇಲಿಟ್ಟುಕೊಂಡು, ಒಂದೇ ಕೈಯಲ್ಲಿ, ದಾರಕ್ಕೆ ಗಂಟು ಹಾಕುತ್ತಿದ್ದಾನೆ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಎಳೆದಾಗೊಮ್ಮೆ ಅದು ಹೊರಳುತ್ತಿದೆ.

ಎದ್ದು ಹೋಗಬೇಕೆ ಎಂದು ಅವಳು ಯೋಚಿಸಿದಳು. ಹೋದರೆ ಅವನು ತಲೆಯೆತ್ತದೆ ನಿದ್ದೆ ಬರಲಿಲ್ಲ ಅನ್ನುತ್ತಾನೆ, ಅವಳು ಕಾಫಿ ಮಾಡಲೇ ಅನ್ನುತ್ತಾಳೆ, ಮೇಜಿನ ಮೇಲೆ ಏನೂ ಇಲ್ಲವೇನೋ ಎಂಬಂತೆ ಇಬ್ಬರೂ ಕಿಟಕಿಯ ಕತ್ತಲೆಯನ್ನು ನೋಡುತ್ತ ಕೂರುತ್ತಾರೆ. ಮಾರ್ಚಿನಲ್ಲಿ ಲಕ್ವ ಹೊಡೆದ ಮೇಲೆ ಅವರ ಮನೆಯಲ್ಲಿ ಹೀಗೆ ನೋಡದಿರುವುದೇ ಒಂದು ದೊಡ್ಡ ಕೆಲಸವಾಗಿತ್ತು. ಟೌನೊನ ಎಡಗೈ ಸತ್ತು ಅವನದೇ ಮಡಿಲಲ್ಲಿ ಯಾರೋ ಮರೆತುಹೋದ ಕೈಗವಸಿನ ಹಾಗೆ ಬಿದ್ದಿರುತ್ತಿತ್ತು. ಅದಕ್ಕಿಂತ ವಿಚಿತ್ರವಾದದ್ದೆಂದರೆ ಅವನ ಕಣ್ಣಿನಿಂದ ಲೋಕದ ಎಡ ಅರ್ಧ ಅಳಿಸಿಹೋಗಿತ್ತು. ತಟ್ಟೆಯ ಬಲಭಾಗದ ಆಲೂಗಡ್ಡೆ ತಿಂದು ಮುಗಿಸಿ, ಎಡಭಾಗದಲ್ಲಿ ಮೀನು ಹಾಗೇ ಇದ್ದರೂ, ಇವತ್ತು ಮೀನು ಮಾಡಲಿಲ್ಲವೇ ಎಂದು ಕೇಳುತ್ತಿದ್ದ. ಅವಳು ಮಾತಿಲ್ಲದೆ ತಟ್ಟೆಯನ್ನು ತಿರುಗಿಸುತ್ತಿದ್ದಳು. ಅವನು ಮಾತಿಲ್ಲದೆ ತಿನ್ನುತ್ತಿದ್ದ.

ಗಂಟುಗಳ ವಿಷಯವೂ ಹಾಗೆಯೇ ನಡೆದಿತ್ತು. ಮಂಜುಗಡ್ಡೆ ಕರಗಿ ಮೀನಿನ ಹಂಗಾಮು ಶುರುವಾಗುವ ಮುಂಚೆ ಅವಳು ಎರೆ ಮಾರುವ ಓರಿನ್‌ನ ಅಂಗಡಿಗೆ ಒಬ್ಬಳೇ ಹೋಗಿ, ಹಿಂಬದಿಯ ಕೋಣೆಯಲ್ಲಿ, ಸಣ್ಣ ಮೀನುಗಳ ತೊಟ್ಟಿಗಳು ಗುಳುಗುಳು ಎನ್ನುವ ಮಧ್ಯೆ ನಿಂತು ಗಂಟು ಹಾಕುವುದನ್ನು ಕಲಿತಿದ್ದಳು. ದಾರವನ್ನು ಗಾಳದ ಕಣ್ಣಿನಲ್ಲಿ ತೂರಿಸು, ತನ್ನ ಮೇಲೇ ಸುತ್ತು, ತುದಿಯನ್ನು ಹಿಂದಕ್ಕೆ ತಂದು ಕುಣಿಕೆಯೊಳಗೆ ಹಾಕು, ಎಂಜಲು ಹಚ್ಚಿ ಒದ್ದೆ ಮಾಡು, ಆಮೇಲೆ ನಿಧಾನ ಬಿಗಿ. ಒಣದಾರವನ್ನು ಬಿಗಿದರೆ ಅದು ತನ್ನ ಬಿಸಿಗೆ ತಾನೇ ಸುಟ್ಟುಕೊಳ್ಳುತ್ತದೆ ಎಂದು ಓರಿನ್ ಹೇಳಿದ್ದ. ಟೌನೊ ಸಂಜೆ ಹಿತ್ತಿಲ ಸೌನಾದಲ್ಲಿ ಬಿಸಿಹಬೆಗೆ ಕುಳಿತಿರುವಾಗ ಅವಳು ಗಾಳದ ಕೋಲುಗಳನ್ನು ಸಿದ್ಧಮಾಡಿ ಗೋಡೆಗೆ ಒರಗಿಸಿ ಇಡುತ್ತಿದ್ದಳು. ಬೆಳಿಗ್ಗೆ ಅವನು ಅವುಗಳನ್ನು ಎತ್ತಿಕೊಳ್ಳುತ್ತಿದ್ದ, ಕೋಲುಗಳು ರಾತ್ರಿ ತಾವೇ ಗಂಟು ಹಾಕಿಕೊಂಡಿವೆ ಎಂಬಂತೆ. ಇಡೀ ಬೇಸಿಗೆ ಹೀಗೇ ಕಳೆಯಿತು. ನಿನ್ನೆಯವರೆಗೆ.

ನಿನ್ನೆ ಎರೆಯ ಅಂಗಡಿಯಲ್ಲಿ ಮಿನಿಯಾಪೊಲಿಸ್ ನಗರದಿಂದ ಬಂದ ಇಬ್ಬರು ಹೊಸಬರಿದ್ದರು. ಟ್ಯಾಮರಾಕ್ ಸರೋವರದಲ್ಲಿ ಈಗ ವಾಲೈ ಮೀನು ಎಲ್ಲಿ ಸಿಗುತ್ತದೆ, ಯಾವ ಹುಸಿಮೀನು ಕಟ್ಟಬೇಕು ಎಂದು ಓರಿನ್‌ನನ್ನು ಕೇಳುತ್ತಿದ್ದರು. ಓರಿನ್ ಟೌನೊನ ಕಡೆ ಕೈ ತೋರಿಸಿ, ಕೇಳುವುದಿದ್ದರೆ ಇವನನ್ನು ಕೇಳಿ, ನಮ್ಮಲ್ಲಿ ಉಳಿದವರೆಲ್ಲ ಊಹೆ ಮಾಡುವವರು ಎಂದ. ಟೌನೊನ ಮುಖ ಬೆಳಗಿತು. ಅವನು ಬಾಯಿ ತೆರೆದ. ಅಷ್ಟರಲ್ಲಿ ಓರಿನ್, ಕೆಟ್ಟ ಮನಸ್ಸಿಲ್ಲದ, ಆದರೆ ಒಂದು ಮಾತು ಹೆಚ್ಚಿಗೆ ಆಡದಿದ್ದರೆ ನಿದ್ದೆ ಬರದ ಓರಿನ್, ಸೇರಿಸಿದ: "ಈಗ ಸಾಹೇಬರ ದೋಣಿಗೆ ಹೊಸ ಆಳು ಸಿಕ್ಕಿದಾಳೆ ನೋಡಿ. ಗಂಟು ಹಾಕೋದೂ ಅವಳೇ."

ಟೌನೊ ತಕ್ಷಣ ನಕ್ಕ. ಆ ನಗುವಿನ ವೇಗದಿಂದಲೇ ಲೆಂಪಿಗೆ ಭಯವಾಯಿತು. "ಇವಳು ಹಾಕೋ ಗಂಟು ಮೀನಿಗಲ್ಲ ಕಣಯ್ಯ," ಎಂದ. "ನನ್ನ ಕತ್ತಿಗೆ. ನಲವತ್ತು ವರ್ಷ ಆಯ್ತು, ಬಿಚ್ಚೋಕಾಗಿಲ್ಲ. ಸ್ಕೂಲ್ ಲೈಬ್ರರೀಲಿ ಪುಸ್ತಕದ ಬೆನ್ನಿಗೆ ಚೀಟಿ ಅಂಟಿಸ್ತಿದ್ದ ಕೈ ಅದು."

ಹೊಸಬರು ನಕ್ಕರು. ಲೆಂಪಿಯೂ ನಕ್ಕಳು. ಮನೆಗೆ ಬರುವ ದಾರಿಯುದ್ದಕ್ಕೂ ಅವಳನ್ನು ಕೊರೆದದ್ದು ಅವನ ಮಾತಲ್ಲ, ತನ್ನ ನಗು. ಅಷ್ಟು ಸಲೀಸಾಗಿ, ಚಿಲ್ಲರೆ ತೆಗೆದುಕೊಟ್ಟ ಹಾಗೆ, ಅದನ್ನು ಹೇಗೆ ತೆಗೆದುಕೊಟ್ಟೆ ಎಂದು ಅವಳಿಗೆ ಆಶ್ಚರ್ಯವಾಗಿತ್ತು. ಓರಿನ್‌ಗೆ ಹೇಳಿದ್ದು ಗುಟ್ಟು ಎಂದು ಅವಳು ಬಾಯಿಬಿಟ್ಟು ಹೇಳಿರಲಿಲ್ಲ, ಹೇಳಬೇಕಾಗಿತ್ತು. ಹಾಗಾದರೆ ತಪ್ಪು ಮೊದಲು ತನ್ನದೇ. ಲಾರಿಯಂಥ ಆ ಹಳೆಯ ಗಾಡಿಯನ್ನು ಓಡಿಸುತ್ತ ಅವಳು ಈ ತಪ್ಪನ್ನು ಹಿಂದೆ ಮುಂದೆ ತಿರುವಿ ನೋಡಿದಳು. ಪಕ್ಕದಲ್ಲಿ ಟೌನೊ ರಸ್ತೆಯ ಬಲಗಡೆಯ ಮರಗಳನ್ನು ಮಾತ್ರ ನೋಡುತ್ತ ಕುಳಿತಿದ್ದ. ಅವಳು ಅವನ ಎಡಕ್ಕೆ, ಅವನಿಗೆ ಇಲ್ಲದ ಕಡೆ, ಇದ್ದಳು.

ಬಾಗಿಲ ಕೆಳಗಿನ ದೀಪದ ಗೆರೆ ಆರಿತು. ಅವನು ಬಂದು ಮಲಗಿದಾಗ ಹಾಸಿಗೆ ಕುಗ್ಗಿತು. ಅವಳು ನಿದ್ದೆಯಲ್ಲಿರುವವರ ಉಸಿರನ್ನು ಆಡಿದಳು. ಅವನೂ ಅದನ್ನು ನಂಬಿದವನಂತೆ ಅಲುಗಾಡದೆ ಮಲಗಿದ.

ಬೆಳಿಗ್ಗೆ ಅವನು ಬಚ್ಚಲಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದಾಗ ಅವಳು ಅಡುಗೆಮನೆಗೆ ಬಂದಳು. ಕೋಲು ಕುರ್ಚಿಗೆ ಒರಗಿತ್ತು. ಅದರ ತುದಿಯಿಂದ ಹೊನ್ನಬಣ್ಣದ, ಕಿತ್ತಳೆ ಹೊಟ್ಟೆಯ, ಅಂಗೈಯುದ್ದದ ಹುಸಿಮೀನು ತೂಗುತ್ತಿತ್ತು. ಮೇಜಿನ ಮೇಣಗಟ್ಟಿದ ಬಟ್ಟೆಯ ಮೇಲೆ ರಕ್ತದ ಹನಿಗಳು ಒಣಗಿದ್ದವು. ಗಾಳ ಚುಚ್ಚಿದ್ದು ಸತ್ತ ಕೈಗೆ. ಅವನಿಗೆ ಗೊತ್ತೇ ಆಗಿರಲಿಕ್ಕಿಲ್ಲ. ಅವಳು ಹನಿಗಳನ್ನು ಒರೆಸಿದಳು. ಆಮೇಲೆ, ನೋಡಬಾರದು ಅಂದುಕೊಳ್ಳುತ್ತಲೇ, ಕನ್ನಡಕ ಹಾಕಿಕೊಂಡು ಗಂಟನ್ನು ನೋಡಿದಳು. ಸುತ್ತುಗಳು ಒಂದರ ಪಕ್ಕ ಒಂದು ಕೂತಿರಲಿಲ್ಲ. ಒಂದರ ಮೇಲೊಂದು ಹತ್ತಿದ್ದವು. ಇರಬೇಕಾದಷ್ಟು ಇರಲೂ ಇಲ್ಲ. ಗಂಟಿನ ಹತ್ತಿರ ದಾರ ಬೆಳ್ಳಗೆ ಮಂಕಾಗಿತ್ತು, ಒಣಗಿದ್ದಾಗಲೇ ಬಿಗಿದ ಗುರುತು. ಹೊರಗುಳಿದ ತುದಿ ತೀರ ಗಿಡ್ಡ. ಅವಳ ಕುತ್ತಿಗೆಯ ದಾರದಲ್ಲಿ ಉಗುರು ಕತ್ತರಿಸುವ ಪುಟ್ಟ ಕತ್ತರಿ ಯಾವಾಗಲೂ ತೂಗುತ್ತಿರುತ್ತದೆ. ಕತ್ತರಿಸಿ ಮತ್ತೆ ಕಟ್ಟಲು ಅವಳಿಗೆ ಹಾಲು ಉಕ್ಕುವಷ್ಟು ಹೊತ್ತೂ ಬೇಡ. ಬಚ್ಚಲಲ್ಲಿ ನೀರು ಇನ್ನೂ ಬೀಳುತ್ತಿತ್ತು.

ಅವಳು ಕಟ್ಟಲಿಲ್ಲ. ಯಾಕೆ ಎಂದು ಆಮೇಲೆ ದೋಣಿಯಲ್ಲಿ, ಅದಾದ ಮೇಲೂ, ಅವಳು ತನ್ನನ್ನು ಕೇಳಿಕೊಳ್ಳುತ್ತಲೇ ಇದ್ದಳು. ಅವನ ಕೈ ಅವನದು, ಅರ್ಧರಾತ್ರಿ ಕೂತು ಹಾಕಿದ ಗಂಟನ್ನು ಬಿಚ್ಚಲು ನಾನು ಯಾರು ಎಂಬ ಗೌರವ ಅದರಲ್ಲಿತ್ತು, ಅದು ಸುಳ್ಳಲ್ಲ. ಆದರೆ ಕತ್ತರಿಯನ್ನು ಮುಟ್ಟಿದ ಬೆರಳು ಹಿಂದಕ್ಕೆ ಬಂದ ಆ ಗಳಿಗೆಯಲ್ಲಿ ಅಂಗಡಿಯ ನಗು ಕಿವಿಯಲ್ಲಿತ್ತು. ಚೀಟಿ ಅಂಟಿಸುತ್ತಿದ್ದ ಕೈ. ಸರಿ, ಈ ಕೈ ಮುಟ್ಟುವುದಿಲ್ಲ. ಇದೂ ಸುಳ್ಳಲ್ಲ. ಎರಡರಲ್ಲಿ ಯಾವುದು ಮೊದಲು ಬಂತು ಎಂಬುದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ. ಟೌನೊ ಹೊರಗೆ ಬಂದ. ಎಡಗೆನ್ನೆಯ ಮೇಲೆ ನೊರೆ, ಬಿಳಿಯ ಗಡ್ಡ ಹಾಗೇ ಉಳಿದಿತ್ತು. ಅವಳು ಟವೆಲಿನಿಂದ ನೊರೆ ಒರೆಸಿ, ಗಡ್ಡವನ್ನು ಹಾಗೇ ಬಿಟ್ಟಳು.

"ಕಟ್ಟಿಟ್ಟಿದೀನಿ," ಎಂದ ಅವನು, ಕೋಲಿನ ಕಡೆ ನೋಡದೆ.

"ನೋಡಿದೆ," ಎಂದಳು. ಟವೆಲನ್ನು ಮಡಿಸುತ್ತ, "ಚೆನ್ನಾಗಿದೆ," ಎಂದಳು.

ಅದು ಆ ವರ್ಷದ ಕೊನೆಯ ಸುತ್ತು. ನಾಳೆ ಅವನ ತಮ್ಮ ಬಂದು ದೋಣಿಗಟ್ಟೆಯ ಹಲಗೆಗಳನ್ನು ಎತ್ತಿ ದಡಕ್ಕೆ ಹಾಕುತ್ತಾನೆ. ಇನ್ನು ಕೆಲವೇ ದಿನಗಳಲ್ಲಿ ಅಂಚಿನ ನೀರು ಹೆಪ್ಪುಗಟ್ಟಲು ಶುರುವಾಗುತ್ತದೆ. ಬರುವ ವರ್ಷದ ಮಾತನ್ನು ಡಾಕ್ಟರು ಆಡಿರಲಿಲ್ಲ. ಇನ್ನೊಂದು ಸಲ ಹೊಡೆಯಬಹುದು ಎಂದಷ್ಟೇ ಹೇಳಿ ಪೆನ್ನಿನ ಮುಚ್ಚಳ ಹಾಕಿದ್ದರು. ಮೀನುಗಾರರನ್ನು ಕರೆದೊಯ್ಯುವ ದಾರಿತೋರುಗನಾಗಿ ಟೌನೊ ಈ ಸರೋವರದ ಮೇಲೆ ಆಯುಷ್ಯ ಕಳೆದಿದ್ದ. ಅವನು ದೋಣಿ ನಿಲ್ಲಿಸಿದ ಜಾಗದಲ್ಲಿ, ಅವನು ಕಟ್ಟಿಕೊಟ್ಟ ಗಾಳಕ್ಕೆ, ಎಲ್ಲೆಲ್ಲಿಯದೋ ದಂತವೈದ್ಯರಿಗೂ ವಕೀಲರಿಗೂ ತೋಳುದ್ದದ ವಾಲೈಗಳು ಸಿಕ್ಕಿದ್ದವು. ಅವು ಈಗ ಎಷ್ಟೋ ಊರುಗಳ ಗೋಡೆಗಳ ಮೇಲೆ ಮೆರುಗೆಣ್ಣೆ ಬಳಿದುಕೊಂಡು ಬಾಯಿ ತೆರೆದಿವೆ. ಬಲೆ ಹಿಡಿದವನು ಅವನು, ಫೋಟೋದಲ್ಲಿ ಅರ್ಧ ಕತ್ತರಿಸಿಹೋದ ಭುಜ ಅವನದು. ಅವನದೇ ಎನ್ನುವ ಮೂವತ್ತು ಅಂಗುಲದ ಮೀನು ಒಂದೂ ಇರಲಿಲ್ಲ. ಇಲ್ಲಿಯವರು ಮನುಷ್ಯನನ್ನು ಆ ಮೂವತ್ತು ಅಂಗುಲದಿಂದ ಅಳೆಯುತ್ತಾರೆ. ಕೆಲಸ ನಿಂತ ಮೇಲೆ ನನಗಾಗಿ ಹಿಡಿಯುತ್ತೇನೆ ಎಂದು ಅವನು ಹೇಳುತ್ತ ಬಂದಿದ್ದ. ಕೆಲಸ ನಿಂತ ಚಳಿಗಾಲದ ಕೊನೆಗೇ ಲಕ್ವ ಹೊಡೆಯಿತು.

ಸರೋವರ ಕಪ್ಪು ಚಹಾದ ಬಣ್ಣಕ್ಕಿತ್ತು. ದಡದ ಟ್ಯಾಮರಾಕ್ ಮರಗಳ ಎಲೆಸೂಜಿಗಳು ಹಳದಿಯಾಗಿ ಉದುರಿ ನೀರಿನ ಮೇಲೆ ತೇಲುತ್ತಿದ್ದವು. ಲೆಂಪಿ ಹಿಂಬದಿಯಲ್ಲಿ ಮೋಟಾರಿನ ಹಿಡಿಕೆ ಹಿಡಿದಿದ್ದಳು. ಅವನು ಸದಾ ಕೂರುತ್ತಿದ್ದ ಜಾಗ ಅದು. ಅವನು ಮುಂದಿನ ಕುರ್ಚಿಯಲ್ಲಿ, ಗಿರಾಕಿಗಳ ಜಾಗದಲ್ಲಿದ್ದ. ಕೋಲಿನ ಬುಡವನ್ನು ಅವನ ಸೊಂಟಪಟ್ಟಿಯ ತೊಗಲ ಬಟ್ಟಲಿಗೆ ಸೇರಿಸಿ, ಅದನ್ನು ಅವನ ಎಡ ಮುಂಗೈಗೆ ಪಟ್ಟಿಯಿಂದ ಬಿಗಿದು ಕೊಟ್ಟವಳು ಅವಳೇ. ಬಿಗಿಯುವಾಗ ಅವನು ದೂರದ ದಡವನ್ನು ನೋಡುತ್ತಿದ್ದ, ಚುಚ್ಚುಮದ್ದು ಹಾಕಿಸಿಕೊಳ್ಳುವವನಂತೆ. ಅಂಗೈಯ ಗಾಯವನ್ನು ಅವಳು ಪಟ್ಟಿಯ ಅಡಿಗೆ ಮರೆಮಾಡಿದಳು.

"ನಿಧಾನ ಕಣೇ," ಎಂದ. "ಇನ್ನೂ ನಿಧಾನ. ನೀರು ತಣ್ಣಗಾದಾಗ ಅವಕ್ಕೆ ಓಡಿಬರೋಕೆ ಮನಸ್ಸಿರಲ್ಲ."

"ಗೊತ್ತು ಮಾರಾಯ."

ಗೊತ್ತಿತ್ತು. ಮೀನು ಹಿಡಿಯದೆಯೇ ಅವಳು ಮೀನಿನ ವರ್ಷವನ್ನು ಅವನ ಮುಖದಿಂದ ಕಲಿತಿದ್ದಳು. ಮಂಜು ಕರಗಿದ ಮೇ ತಿಂಗಳಲ್ಲಿ, ವಾಲೈಗಳು ಹೊಳೆ ಬಂದು ಸೇರುವ ಕಡೆ ಮೊಣಕಾಲುದ್ದದ ನೀರಿಗೆ ಬಂದಾಗ, ಸೀಸದ ತಲೆಯ ಪುಟ್ಟ ಗಾಳಕ್ಕೆ ಕಿರುಮೀನು ಸಿಕ್ಕಿಸಿ ಅವನು ಹುಡುಗನಂತೆ ಶಿಳ್ಳೆ ಹಾಕುತ್ತಿದ್ದ. ಲೈಲಾಕ್ ಹೂ ಬಿಟ್ಟಾಗ ಜಿಗಣೆಗಳ ಕಾಲ, ಜೊಂಡಿನ ಅಂಚಿನಲ್ಲಿ ಬೆಂಡು ತೇಲಿಸಿ ಕೂರುವ ಮಾತಿಲ್ಲದ ಸಂಜೆಗಳು. ಅವರಿಬ್ಬರ ಒಳ್ಳೆಯ ದಿನಗಳೆಲ್ಲ ಆ ಕಾಲದವೇ. ಬೇಸಿಗೆಯ ಉರಿಯಲ್ಲಿ ಮೀನು ಆಳಕ್ಕಿಳಿದರೆ ಅವನ ಸಿಟ್ಟು ಮೇಲಕ್ಕೇಳುತ್ತಿತ್ತು. ಢಾಳು ಬಣ್ಣದ ಹುಸಿಮೀನುಗಳನ್ನು ಒಂದಾದ ಮೇಲೊಂದು ಬದಲಿಸುತ್ತ, ಹುಸಿಮೀನು ಬದಲಿಸಿದ ಹಾಗೆ ಮಾತು ಬದಲಿಸುತ್ತ, ಗಿರಾಕಿಗಳ ಮೇಲಿನ ಕೋಪವನ್ನು ಮನೆಗೆ ತರುತ್ತಿದ್ದ. ಸೆಪ್ಟೆಂಬರಿನಲ್ಲಿ ಸರೋವರ ಮಗುಚುತ್ತದೆ. ಮೇಲಿನ ನೀರು ತಣ್ಣಗಾಗಿ ಕೆಳಗಿಳಿದು, ತಳದ ನೀರು ಕೊಳೆತ ಎಲೆಯ ವಾಸನೆಯೊಂದಿಗೆ ಮೇಲೆ ಬರುತ್ತದೆ. ಆ ವಾರ ಯಾವ ಮೀನು ಎಲ್ಲಿದೆ ಎಂದು ಯಾರಿಗೂ ತಿಳಿಯದು; ಟೌನೊ ಊಟವನ್ನೂ ಸರಿಯಾಗಿ ಮಾಡುತ್ತಿರಲಿಲ್ಲ. ಆಮೇಲೆ ಅಕ್ಟೋಬರ್. ಚಳಿಗಾಲಕ್ಕೆ ಮೈ ತುಂಬಿಕೊಳ್ಳಲು ದೊಡ್ಡ ಹೆಣ್ಣುಮೀನುಗಳು ಕಡಿದಾದ ಬಂಡೆಯಂಚಿಗೆ ಬರುತ್ತವೆ. ಆಗ ಸಣ್ಣ ಎರೆಗೆ ಅವು ಬಾಯಿ ಬಿಡುವುದಿಲ್ಲ. ದೊಡ್ಡದನ್ನು ಕಟ್ಟಬೇಕು, ನಿಧಾನ ಎಳೆಯಬೇಕು. ಚಹಾ ಬಣ್ಣದ ನೀರಿಗೆ ಬೆಳ್ಳಿ ಆಗದು, ಹೊನ್ನು ಬೇಕು. ಲಕ್ವ ಅವನಿಂದ ಇದೊಂದನ್ನೂ ಕಸಿದಿರಲಿಲ್ಲ. ತಟ್ಟೆಯ ಎಡಭಾಗ ಮರೆತವನಿಗೆ ನೀರಿನ ತಳದ ಒಂದೊಂದು ಬಂಡೆಯೂ ನೆನಪಿತ್ತು.

ಅವಳು ಗಂಟನ್ನು ಕುರಿತು ಯೋಚಿಸುತ್ತಿದ್ದಳು. ಗಿರಾಕಿಗಳಿಗೆ ಅವನು ಹೇಳುತ್ತಿದ್ದ ಪಾಠ ಅವಳಿಗೆ ಬಾಯಿಪಾಠ. ಮೀನು ತಪ್ಪಿತೆಂದು ಮೀನನ್ನು ಬೈಯಬೇಡಿ, ದಾರದ ತುದಿ ನೋಡಿ. ತುದಿ ಜುಂಗಾಗಿದ್ದರೆ ಬಂಡೆಗೆ ಉಜ್ಜಿದೆ. ಚಾಕುವಿನಿಂದ ಕೊಯ್ದ ಹಾಗಿದ್ದರೆ ಅದು ಪೈಕ್ ಮೀನಿನ ಕೆಲಸ. ಅದರ ಬಾಯಿ ತುಂಬ ಹಲ್ಲು, ವಾಲೈ ಹಾಗೆ ಕತ್ತರಿಸುವುದಿಲ್ಲ. ಹಂದಿಯ ಬಾಲದಂತೆ ಸುರುಳಿ ಸುತ್ತಿದ್ದರೆ ಗಂಟು ಜಾರಿದೆ. ಸುರುಳಿ ಕಂಡರೆ ಯಾರನ್ನೂ ಬೈಯಬೇಡಿ, ಕಟ್ಟಿದವನ ಕೈ ನೋಡಿ. ತನ್ನ ದೋಣಿಯಲ್ಲಿ ಯಾರೂ ಸುರುಳಿ ನೋಡಿಲ್ಲ ಎಂದು ಕೊನೆಯಲ್ಲಿ ಸೇರಿಸುತ್ತಿದ್ದ. ಪೈಕ್ ಎಂದರೆ ಅವನಿಗೆ ತಾತ್ಸಾರ. ಅದನ್ನು ಹಾವು ಎಂದೇ ಕರೆಯುತ್ತಿದ್ದ.

ಈಗಲೂ ಹೇಳಬಹುದು, ಅವಳು ಅಂದುಕೊಂಡಳು. ದಾರ ಒಮ್ಮೆ ಎಳಿ, ಗಂಟು ನೋಡಿಬಿಡ್ತೀನಿ ಎಂದರೆ ಸಾಕು. ಅವನು ಏನು ಅನ್ನುತ್ತಾನೆ? ಏನೂ ಅನ್ನದಿರಬಹುದು. ಸುಮ್ಮನೆ ದಾರ ಸುತ್ತಿ ಅವಳ ಕೈಗೆ ಕೊಡಬಹುದು, ಮಾರ್ಚಿನಿಂದ ತನ್ನ ಒಂದೊಂದು ವಸ್ತುವನ್ನೂ ಕೊಟ್ಟ ಹಾಗೆ, ಗಾಡಿಯ ಕೀಲಿ, ಕೊಡಲಿ, ಮೋಟಾರಿನ ಹಿಡಿಕೆ. ಮುಂದಿನ ಸುತ್ತಿನಲ್ಲಿ ಹೇಳುತ್ತೇನೆ, ಬಂಡೆಯಂಚು ದಾಟಿ ತಿರುಗಿದ ಮೇಲೆ ಎಂದು ಅವಳು ಅಂದುಕೊಳ್ಳುತ್ತಿರುವಾಗ ಕೋಲು ಬಾಗಿತು.

ಜಗ್ಗಲಿಲ್ಲ, ಓಡಲಿಲ್ಲ. ಯಾರೋ ನೀರಿನಡಿಯಲ್ಲಿ ಬಾಗಿಲೊಂದನ್ನು ಮುಚ್ಚಿಕೊಂಡಂತೆ ಭಾರವಾಗಿ ನಿಂತಿತು. ಆಮೇಲೆ ತಲೆ ಕೊಡವಿತು, ನಿಧಾನ, ಅಗಲವಾಗಿ. ಪಟ್ಟಿ ಬಿಗಿದ ಕೈ ಆ ತಾಳಕ್ಕೆ ಎದ್ದು ಬಿದ್ದು ಮಾಡುತ್ತಿತ್ತು, ಜೀವ ಬಂದ ಹಾಗೆ. ಟೌನೊ ಕೂಗಲಿಲ್ಲ. ಬಲಗೈಯಿಂದ ರಾಟೆ ಸುತ್ತುತ್ತ ಬಹಳ ಮೆಲ್ಲನೆ, ಚರ್ಚಿನಲ್ಲಿ ಮಾತಾಡುವ ಹಾಗೆ ಹೇಳಿದ: "ಮೋಟಾರು ನಿಲ್ಸು ಲೆಂಪಿ. ಬಲೆ ತಗೊ."

ಅವಳು ಬಲೆ ತೆಗೆದುಕೊಂಡಳು. ಚಳಿಗೆ ನೀಲಿಯಾದ ಅವನ ತುಟಿಗಳು ಅಲುಗುತ್ತಿದ್ದವು. ಅಜ್ಜಿ ಕಲಿಸಿದ ಫಿನ್ನಿಶ್ ಪ್ರಾರ್ಥನೆಯೋ ಬೈಗುಳವೋ ತಿಳಿಯಲಿಲ್ಲ. ಅವನು ಅವಸರ ಮಾಡಲಿಲ್ಲ, ಎಳೆದಾಗ ಬಿಟ್ಟ, ನಿಂತಾಗ ಸುತ್ತಿದ. ಇಷ್ಟು ತಿಂಗಳಲ್ಲಿ ಮೊದಲ ಬಾರಿಗೆ ಅವನ ಮೈ ಪೂರ್ತಿ ಅವನದಾಗಿತ್ತು. ಗಂಟು ನಿಂತಿದೆ. ನಾನು ತಪ್ಪಾಗಿ ನೋಡಿದ್ದೆ, ಲೈಬ್ರರಿಯ ಕಣ್ಣಿನಿಂದ ನೋಡಿದ್ದೆ. ನಿಲ್ಲಲಿ, ಇನ್ನೊಂದು ದೋಣಿಯುದ್ದ ನಿಲ್ಲಲಿ ಎಂದು ಅವಳು ಯಾರನ್ನೋ ಕೇಳಿಕೊಂಡಳು.

ಮೀನು ಎಡಗಡೆ ಎದ್ದಿತು. ಅವನಿಗೆ ಇಲ್ಲದ ಕಡೆ. ಮೊದಲು ಕಂಡದ್ದು ಕಣ್ಣು. ಹಾಲು ಹೆಪ್ಪುಗಟ್ಟಿದಂಥ, ಕುರುಡೆನಿಸುವ, ಆದರೆ ಕತ್ತಲಲ್ಲಿ ಎಲ್ಲವನ್ನೂ ಕಾಣುವ ಕಣ್ಣು. ಬಾಯಿಯ ಮೂಲೆಯಲ್ಲಿ ಹೊನ್ನಬಣ್ಣದ ಹುಸಿಮೀನು ಒಂದು ಆಭರಣದ ಹಾಗೆ ಸಿಕ್ಕಿಕೊಂಡಿತ್ತು. ಮೈ ಮುಗಿಯುತ್ತಲೇ ಇರಲಿಲ್ಲ. ಅದು ಮಗ್ಗುಲು ಬದಲಿಸಿದಾಗ ಬಾಲ ಮೇಲೆ ಬಂತು, ಬಾಲದ ಕೆಳತುದಿಯಲ್ಲಿ ಸುಣ್ಣ ಹಚ್ಚಿದಂಥ ಬಿಳಿ. ಆ ಬಿಳಿ ವಾಲೈಗೆ ಮಾತ್ರ ಇರುತ್ತದೆ.

"ಎಲ್ಲಿದೆ?" ಟೌನೊ ಬಲಗಡೆ ಹುಡುಕುತ್ತಿದ್ದ. "ಎಲ್ಲಿದೆ, ಕಾಣ್ತಾ ಇಲ್ಲ."

ಅವಳು ಬಲೆಯನ್ನು ನೀರಿಗಿಳಿಸಿ ಮುಂದೆ ಚಾಚಿದಳು. ಬಲೆಯ ಅಂಚಿಗೂ ಮೀನಿನ ಮೂಗಿಗೂ ಒಂದು ಗೇಣು. ಮೀನು ಕೊನೆಯ ಸಲ ತಲೆ ಕೊಡವಿತು; ನೀರಿನ ಮೇಲೆ ಸ್ಪಷ್ಟವಾಗಿ ಗಿಲಕ್ ಎಂದು ಕೇಳಿತು. ಕೋಲು ನೆಟ್ಟಗಾಯಿತು. ದಾರ ಗಾಳಿಯಲ್ಲಿ ಹಿಂದಕ್ಕೆ ಹಾರಿ ಅವಳ ಕೋಟಿನ ತೋಳಿನ ಮೇಲೆ ಬಿತ್ತು. ಮೀನು ಕ್ಷಣಕಾಲ ಅಲ್ಲಿಯೇ ಇತ್ತು, ತಾನು ಬಿಡುಗಡೆಯಾದದ್ದು ತಿಳಿಯದೆ. ಆಮೇಲೆ ಬಿಳಿಯ ತುದಿ ಒಮ್ಮೆ ಆಡಿತು, ಚಹಾ ಬಣ್ಣದ ನೀರು ಮುಚ್ಚಿಕೊಂಡಿತು.

ದೋಣಿ ತನ್ನಷ್ಟಕ್ಕೆ ತಿರುಗುತ್ತಿತ್ತು. ಟೌನೊ ಇನ್ನೂ ರಾಟೆ ಸುತ್ತುತ್ತಿದ್ದ, ಹಗುರಾದ ದಾರವನ್ನು. ಸುತ್ತುವುದು ನಿಂತಿತು. ಅವಳು ತೋಳಿನ ಮೇಲಿನ ದಾರವನ್ನು ಎತ್ತಿ ನೋಡಿದಳು. ತುದಿ ಸುರುಳಿ ಸುತ್ತಿತ್ತು. ಹಂದಿಯ ಬಾಲದಂತೆ, ಅವನು ಹೇಳುತ್ತಿದ್ದ ಹಾಗೆಯೇ, ಪಾಠಕ್ಕೆ ಬರೆದ ಚಿತ್ರದ ಹಾಗೆ.

"ತುದಿ ನೋಡು," ಎಂದ ಅವನು. ಬೆನ್ನು ಅವಳ ಕಡೆಗಿತ್ತು. ಅವನ ಓದುವ ಕನ್ನಡಕ ಅವಳ ಜೇಬಿನಲ್ಲಿತ್ತು. ಅದಿಲ್ಲದೆ ಅವನಿಗೆ ಹತ್ತಿರದ್ದೇನೂ ಕಾಣುವುದಿಲ್ಲ. "ಹೇಗಿದೆ?"

ಅವಳಿಗೆ ಆಗ ಎಲ್ಲವೂ ನಿಚ್ಚಳವಾಗಿ ಕಂಡಿತು, ಎರಡು ಬಾಗಿಲುಗಳ ನಡುವೆ ನಿಂತ ಹಾಗೆ. ಸುರುಳಿ ಎಂದು ಹೇಳಿದರೆ ಮೀನು ಅವನದಾಗುತ್ತದೆ. ಅವನ ಆಯುಷ್ಯದ ವಾಲೈ ಅವನ ಗಾಳಕ್ಕೆ ಬಂದಿತ್ತು, ಬಲೆಯ ಬಾಯಿಯವರೆಗೆ ಬಂದಿತ್ತು, ಅವನ ಕೈ ಅದನ್ನು ಬಿಟ್ಟುಕೊಟ್ಟಿತು. ಕೊಯ್ದಿದೆ ಎಂದು ಹೇಳಿದರೆ ಕೈ ಅವನದಾಗಿಯೇ ಉಳಿಯುತ್ತದೆ, ಆದರೆ ಮೀನು ಹೋಗುತ್ತದೆ. ಬಂದದ್ದು ಬರಿ ಹಾವು. ಎರಡನ್ನೂ ಕೊಡಲು ಅವಳ ಬಳಿ ಮಾತಿರಲಿಲ್ಲ. ಬೆಳಿಗ್ಗೆ ಕತ್ತರಿ ಹಿಡಿದಿದ್ದರೆ ಎರಡೂ ಇರುತ್ತಿದ್ದವು.

ಕುತ್ತಿಗೆಯ ಕತ್ತರಿಯಿಂದ ಅವಳು ಸುರುಳಿಯನ್ನು ಕತ್ತರಿಸಿದಳು. ಚಿಟ್ ಎನ್ನುವ ಸದ್ದು ಮುಚ್ಚಲು ಕೆಮ್ಮಿದಳು. ಸುರುಳಿ ಕೈಗವಸಿನೊಳಗೆ ಹೋಯಿತು. ದಾರದ ಚೂರನ್ನು ನೀರಿಗೆ ಎಸೆಯುವವರು ಇಲ್ಲಿ ಯಾರೂ ಇಲ್ಲ, ಹಕ್ಕಿಗಳ ಕಾಲಿಗೆ ಸುತ್ತಿಕೊಳ್ಳುತ್ತದೆ.

"ಕೊಯ್ದ ಹಾಗಿದೆ," ಎಂದಳು. "ನುಣ್ಣಗೆ."

ಅವನು ಬಲಗೈ ಹಿಂದಕ್ಕೆ ಚಾಚಿದ. ಅವಳು ದಾರದ ತುದಿಯನ್ನು ಕೊಟ್ಟಳು. ಅವನು ಅದನ್ನು ಕೆಳತುಟಿಯ ಮೇಲೆ ಒಮ್ಮೆ ಎಳೆದುಕೊಂಡ, ದಾರದ ಗಾಯವನ್ನು ಹುಡುಕುವ ಮೀನುಗಾರರ ರೀತಿ ಅದು. ಇನ್ನೊಮ್ಮೆ ಎಳೆದುಕೊಂಡ. "ಪೈಕ್," ಎಂದ. ದಾರವನ್ನು ಬೆರಳಿಗೆ ಸುತ್ತುತ್ತ, "ವಾಲೈ ಥರ ತಲೆ ಕೊಡವ್ತು ಕಣೇ. ನಾನು ಅಂದ್ಕೊಂಡೆ..." ಎಂದು ನಿಲ್ಲಿಸಿದ. "ನಿನಗೆ ಬಾಲ ಕಾಣಿಸ್ತಾ?"

ನೀರಿನ ಮೇಲೆ ಹಳದಿ ಸೂಜಿಗಳು ಮತ್ತೆ ಕೂಡಿಕೊಂಡಿದ್ದವು.

"ಇಲ್ಲ," ಎಂದಳು. "ನೀರು ಕಪ್ಪು."

ಅವನು ತಲೆಯಾಡಿಸಿದ. ಅವಳು ಪಟ್ಟಿ ಬಿಚ್ಚಿ ಸತ್ತ ಕೈಯನ್ನು ಅವನ ಮಡಿಲಲ್ಲಿಟ್ಟಳು. ಇನ್ನೊಂದು ಹುಸಿಮೀನು ಕಟ್ಟಲೇ ಎಂದು ಕೇಳಲು ಅವಳಿಗೆ ಧೈರ್ಯವಾಗಲಿಲ್ಲ, ಅವನೂ ಕೇಳಲಿಲ್ಲ. ಥರ್ಮಾಸ್ಸಿನ ಕಾಫಿಯನ್ನೂ ಏಲಕ್ಕಿ ಬ್ರೆಡ್ಡನ್ನೂ ಯಾರೂ ಮುಟ್ಟಲಿಲ್ಲ. ವಾಪಸ್ಸು ಬರುವಾಗ ಅವಳು ಆ ಮೀನನ್ನು ನೆನೆದಳು. ಬಂಡೆಗಳ ನಡುವೆ, ಬಾಯಲ್ಲಿ ಗಿಲಕಿಯಿಟ್ಟುಕೊಂಡು, ಅದು ತಿರುಗಿದಲ್ಲೆಲ್ಲ ಸದ್ದು ಮಾಡುತ್ತಿರಬೇಕು. ಗಾಳ ತುಕ್ಕು ಹಿಡಿದು ಉದುರುವವರೆಗೆ ಕೇಳುವವರು ಯಾರೂ ಇಲ್ಲದ ಕಡೆ.

ದೋಣಿಗಟ್ಟೆಯಲ್ಲಿ ಓರಿನ್ ನಿಂತಿದ್ದ. ನಿನ್ನೆಯದು ಅವನ ಮನಸ್ಸಿಗೂ ಚುಚ್ಚಿತ್ತೇನೋ. ಹೊಗೆಯಲ್ಲಿ ಬೇಯಿಸಿದ ಮೀನಿನ ಪೊಟ್ಟಣವೊಂದನ್ನು ತಂದಿದ್ದ. ಹಗ್ಗ ಹಿಡಿದು ಕಟ್ಟುತ್ತ, ಏನಾದರೂ ಸಿಕ್ಕಿತೇ ಎಂದು ಕೇಳಿದ.

"ದೊಡ್ಡದು," ಎಂದ ಟೌನೊ. "ಹಾವು. ಬಲೆ ಹತ್ರ ಬಂದು ಕೊಯ್ಕೊಂಡು ಹೋಯ್ತು. ಹೊನ್ನುಬಣ್ಣದ್ದು ಹೋಯ್ತು ನೋಡು."

ಹಾಳಾದವು, ಒಳ್ಳೆಯ ಹುಸಿಮೀನೇ ಬೇಕು ಅವಕ್ಕೆ, ಎಂದು ಓರಿನ್ ಮರುಗಿದ. ಆಮೇಲೆ ಅವನ ಕಣ್ಣು ಲೆಂಪಿಯ ಮೇಲೆ ಹೊರಳಿತು. ಗಂಟಿನ ಮಾತು ಅವನ ಬಾಯಿಗೆ ಬಂದು ನಿಂತದ್ದು ಅವಳಿಗೆ ಕಂಡಿತು. ಟೌನೊಗೂ ಕಂಡಿತೋ ಏನೋ. ಹಲಗೆಯ ಮೇಲೆ ಒಳ್ಳೆಯ ಕಾಲನ್ನು ಊರಿ, ಓರಿನ್‌ನ ಭುಜ ಹಿಡಿದು ನೆಟ್ಟಗೆ ನಿಂತು ಅವನು ಹೇಳಿದ: "ಗಂಟು ನಂದು. ರಾತ್ರಿ ನಾನೇ ಹಾಕಿದ್ದು, ಒಂದೇ ಕೈಲಿ. ಕೊನೇವರೆಗೂ ನಿಂತಿತ್ತು. ಕೇಳು ಇವಳನ್ನ."

ಇಬ್ಬರೂ ಅವಳ ಕಡೆ ತಿರುಗಿದರು. ಟೌನೊನ ಎಡಗೆನ್ನೆಯಲ್ಲಿ ಹೆರೆಯದೆ ಉಳಿದ ಗಡ್ಡದ ಮೇಲೆ ಬಿಸಿಲು ಬಿದ್ದಿತ್ತು. ಅವನ ಮುಖದಲ್ಲಿದ್ದದ್ದು ದುಃಖವೇ, ಆದರೆ ಅದರ ಅಡಿಯಲ್ಲಿ ಮಾರ್ಚಿನಿಂದ ಕಾಣದಿದ್ದ ಹೆಮ್ಮೆ ಇತ್ತು. ಅದನ್ನು ನೋಡಿ ಅವಳಿಗೆ ಸಮಾಧಾನವಾಗಲಿಲ್ಲ. ಭಯವಾಯಿತು.

"ನಿಂತಿತ್ತು," ಎಂದಳು.

ಸಂಜೆ ಅವಳು ಸೌನಾದ ಒಲೆಗೆ ಬರ್ಚ್ ಸೌದೆ ತುಂಬಿದಳು. ಟೌನೊ ಮೇಲಿನ ಹಲಗೆಯ ಮೇಲೆ, ಬತ್ತಲೆ ಮೈಯಲ್ಲಿ, ಗೋಡೆಗೊರಗಿ ಕುಳಿತಿದ್ದ. ಕಾದ ಕಲ್ಲಿನ ಮೇಲೆ ನೀರು ಸುರಿದಾಗ ಹಬೆ ಎದ್ದು ಅವನ ಸತ್ತ ಕೈಯನ್ನೂ ಬದುಕಿದ ಕೈಯನ್ನೂ ಒಂದೇ ರೀತಿ ಮುಚ್ಚಿತು. ಮಬ್ಬಿನಲ್ಲಿ ಅವನ ಬಲಗೈ ಬೆರಳುಗಳು ಗಾಳಿಯಲ್ಲಿ ಏನನ್ನೋ ಸುತ್ತುತ್ತಿರುವುದು ಅವಳಿಗೆ ಕಂಡಿತು.

"ಬರೋ ವರ್ಷ ಎಲ್ಲಾ ನಾನೇ ಕಟ್ತೀನಿ," ಎಂದ. "ನಿನಗೆ ಯಾಕೆ ತೊಂದರೆ."

ತನ್ನ ಮುಂದಿನ ಬೇಸಿಗೆಗಳು, ಅವು ಇದ್ದರೆ, ಅವಳಿಗೆ ಕಂಡವು. ಅವನು ಮಲಗಿದ ಮೇಲೆ ಎದ್ದು, ಹುಸಿಮೀನು ಗಿಲಕ್ ಎನ್ನದಂತೆ ಮುಷ್ಟಿಯಲ್ಲಿ ಹಿಡಿದು, ಅವನ ಗಂಟು ಕತ್ತರಿಸಿ, ತನ್ನದನ್ನು ಹಾಕಬೇಕು, ಅವನ ಗಂಟಿನ ಹಾಗೆಯೇ ಸ್ವಲ್ಪ ಓರೆಯಾಗಿ. ಅವನು ಎಚ್ಚರವಿದ್ದರೂ ನಿದ್ದೆಯ ಉಸಿರು ಆಡುತ್ತಿರಬಹುದು.

"ಕಟ್ಟು," ಎಂದಳು.

ಅವಳು ಒಲೆಯ ಮುಂದೆ ಬಗ್ಗಿ ಮುಷ್ಟಿ ಬಿಚ್ಚಿದಳು. ಕೈಗವಸಿನಿಂದ ತೆಗೆದ ಸುರುಳಿ ಅಂಗೈಯ ಬೆವರಿನಲ್ಲಿ ಅಂಟಿಕೊಂಡಿತ್ತು, ಕೂದಲಿಗಿಂತ ಸ್ವಲ್ಪ ದಪ್ಪ. ಕೆಂಡದ ಮೇಲೆ ಹಾಕಿದಾಗ ಅದು ಮೊದಲು ಬಿಚ್ಚಿಕೊಂಡು ನೆಟ್ಟಗಾಯಿತು, ಆಮೇಲೆ ಒಂದು ಹನಿಯಾಗಿ ಕುಗ್ಗಿ ಇಲ್ಲವಾಯಿತು. ಸುಟ್ಟ ವಾಸನೆ ಏನು ಎಂದು ಅವನು ಕೇಳಿದ. ಸೌದೆಯ ತೊಗಟೆ ಎಂದಳು. ಬಾಲದ ತುದಿಯ ಬಿಳಿ ಇನ್ನೂ ಕಣ್ಣಿನಲ್ಲಿತ್ತು. ಅದನ್ನು ಹಾಕಲು ಯಾವ ಒಲೆಯೂ ಇರಲಿಲ್ಲ. ಅದು ವಾಲೈ ಎಂದು ಓರಿನ್‌ಗೆ ಹೇಳುವುದಿಲ್ಲ. ನಾಳೆ ಹಲಗೆ ಎತ್ತಲು ಬರುವ ಟೌನೊನ ತಮ್ಮನಿಗೆ, ಚರ್ಚಿನ ಅಡುಗೆಮನೆಯಲ್ಲಿ ಬಟ್ಟಲು ತೊಳೆಯುತ್ತ ಎಲ್ಲವನ್ನೂ ಹೇಳಿಕೊಳ್ಳುವ ಹೆಂಗಸರಿಗೆ ಹೇಳುವುದಿಲ್ಲ. ಟೌನೊ ತನಗಿಂತ ಮೊದಲು ಹೋದರೆ, ಹೇಳಿದರೂ ಯಾರಿಗೂ ನೋವಾಗದ ಆ ದಿನಗಳಲ್ಲಿಯೂ ಹೇಳುವುದಿಲ್ಲ. ಅವಳು ಒಲೆಯ ಬಾಗಿಲು ಮುಚ್ಚಿ, ಚಿಲಕ ಹಾಕಿ, ಕಲ್ಲಿನ ಮೇಲೆ ಇನ್ನೊಂದು ಸೌಟು ನೀರು ಸುರಿದಳು.